ಬಾವಿಗೆ ಬಂದ ಡೀಸೆಲ್ ವಾಸನೆ

೧೪-೪-೯೧, ರವಿವಾರ. ಏಕಸಂಬಿ.

ಕ್ಷಮಿಸು ಡೈರಿ, ಇದನ್ನು ಬರೆಯಲು ನನಗೆ ಮುಖವೇ ಇಲ್ಲ. ಜಿಗುಟು ಮಣ್ಣಿನಲ್ಲಿ ನಮ್ಮ ಬೋರ್ ಕೊರೆದಷ್ಟೂ ಕುಸಿಯುತ್ತಿತ್ತು. ತೈಲಬಾವಿ ಕೊರೆಯುವಾಗ ಡೀಸೆಲ್ಲು, ನೀರು ಬೆರೆಸಿದ ಎಮಲ್ಶನ್ ಎಂಬ ಮಂದ ದ್ರವ ಸುರಿಯುತ್ತಾರೆಂದು ಕಾಲೇಜು ಹಾಸ್ಟೆಲ್ಲಿನಲ್ಲಿ ಪುಸ್ತಕದಲ್ಲಿ ಓದಿದ್ದೆ. ಇಲ್ಲಿಯೂ ಡೀಸೆಲ್ಲಿಗೆ ಸಾಬೂನು ನೀರು ಕದಡಿ ಸುರಿಸಿದೆ. ಕುಸಿಯುವುದು ನಿಂತಿತು. "ಭಲೇ ಇಂಜಿನಿಯರ್ ಸಾಹೇಬ!" ಎಂದು ಬೋರ್ ಕೊರೆಸುತ್ತಿದ್ದ ರಾವಸಾಹೇಬ ಕಾಕಾ ಬೆನ್ನು ತಟ್ಟಿದರು.

ಇವತ್ತು ಪಕ್ಕದ ಮನೆಯ ಮೆಹರುಬಿ ಚಾಚಿ ಬೋರಿನ ಪಕ್ಕದಲ್ಲೇ ಇರುವ ಬಾವಿಯಿಂದ ಸೇದಿದ ನೀರಿನ ಕೊಡ ತಂದು ನನ್ನ ಮೂಗಿಗೆ ಹಿಡಿದರು. "ಮೂಸಿ ನೋಡಪಾ. ನಮ್ಮ ಬಾವಿ ನೀರಾಗ ಚಾ ಮಾಡಿದ್ರ, ಟ್ರ್ಯಾಕ್ಟರ್ ಕುಡದಂಗ ಆಗತೈತಿ!" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಹನ್ನೊಂದು ಮನೆಗೆ ಅದೊಂದೇ ಬಾವಿ.

ಸುರಿದದ್ದನ್ನು ವಾಪಸ್ ತೆಗೆಯುವುದು ಹೇಗೆಂದು ನನ್ನ ಪುಸ್ತಕದಲ್ಲಿಲ್ಲ. ಕಾಲೇಜಿನ ಲೆಕ್ಚರರ್‌ಗೆ ಕಾರ್ಡು ಬರೆದಿದ್ದೇನೆ. ಮುಟ್ಟಲು ನಾಲ್ಕು ದಿನ ಬೇಕು, ಉತ್ತರ ಬರುವವರೆಗೂ ಅವರೆಲ್ಲ ಅದನ್ನೇ ಕುಡಿಯಬೇಕು. ಸರ್, ಬೇಗ ಉತ್ತರ ಬರೆಯಿರಿ.