ನನ್ನ ಕಡೆಯ ಸಂಪರ್ಕ ಸರಿಯಾಗಿತ್ತು

ಆಸ್ಪತ್ರೆಯ ಜಾಲತಾಣ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನಿಮ್ಮ ‘ಭೇಟಿ ಕಿಟಕಿ’ ತೆರೆಯದೆ ನನ್ನ ತಂಗಿ ನನ್ನ ಮುಖ ನೋಡದೆಯೇ ಹೋದಳು. ನಿಮ್ಮ ದೂರು ವಿಭಾಗಕ್ಕೆ ಬರೆದೆ. ‘ನಿಮ್ಮ ಸಂಪರ್ಕವನ್ನು ಪರಿಶೀಲಿಸಿ’ ಎಂಬ ಉತ್ತರ ಬಂತು. ಆದ್ದರಿಂದ ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ.

ಸೋಂಕಿನ ವಾರ್ಡಿಗೆ ಯಾರನ್ನೂ ಬಿಡುವುದಿಲ್ಲ, ಒಪ್ಪಿದೆ. ಅದಕ್ಕೇ ಅಲ್ಲವೇ ನೀವು ಹಾಸಿಗೆಯ ಪಕ್ಕ ಕ್ಯಾಮೆರಾ ಇರುವ ಪರದೆಯಿಟ್ಟು, ಜಾಲತಾಣದ ಈ ಕಿಟಕಿಯಲ್ಲಿ ಮನೆಯಿಂದಲೇ ಮುಖ ನೋಡಿ ಮಾತಾಡಿ ಎಂದದ್ದು? ತಲೆ ಬಾಚಿ, ಅವಳೇ ಹೆಣೆದುಕೊಟ್ಟ ಹಸಿರು ಶಾಲು ಹೊದ್ದು, ಹೇಳಿದ ಹೊತ್ತಿಗಿಂತ ಮುಂಚೆಯೇ ಕಂಪ್ಯೂಟರ್ ಮುಂದೆ ಕೂತೆ. ಅವಳ ದಿಂಬಿನ ಅಂಚು ಕಂಡಿತು. ಮರುಕ್ಷಣ ಬಿಳಿ ಪುಟ: ‘ಪ್ರೋಟೊಕಾಲ್ ದೋಷ’. ಮತ್ತೆ ಒತ್ತಿದೆ. ಮತ್ತೆ ಅದೇ. ಬೇರೆ ಜಾಲತಾಣಗಳೆಲ್ಲ ಸಲೀಸಾಗಿ ತೆರೆಯುತ್ತಿದ್ದವು.

ಮನೆಯ ಫೋನಿನಿಂದ ನಿಮ್ಮ ಸಹಾಯವಾಣಿಗೆ ಮಾಡಿದೆ.

“ತೊಂದ್ರೆ ನಿಮ್ ಕಡೇನೇ ಅಮ್ಮಾ. ಇಂಟರ್‌ನೆಟ್ ಪೆಟ್ಟಿಗೆ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿ.”

“ಬೇರೆದೆಲ್ಲ ಬರ್ತಿದೆಯಲ್ಲಪ್ಪ?”

“ಹೇಳಿದಷ್ಟು ಮಾಡಿ ಅಮ್ಮಾ.”

ಮಾಡಿದೆ. ಮನೆಯ ಫೋನೂ ಅದೇ ಪೆಟ್ಟಿಗೆಯಿಂದ ನಡೆಯುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ನಿಮ್ಮವರು ಕೇಳಲೂ ಇಲ್ಲ. ಪೆಟ್ಟಿಗೆಯ ದೀಪ ಆರಿ ನಾನು ಕೈಕಟ್ಟಿ ಕೂತಿದ್ದ ಆ ಹೊತ್ತಿನಲ್ಲೇ ವಾರ್ಡಿನ ನರ್ಸ್ ನನಗೆ ಫೋನ್ ಮಾಡುತ್ತಿದ್ದರು. ಆಮೇಲೆ ತಂಗಿಯ ಕನ್ನಡಕ ಕೈಗಿಡುತ್ತಾ ಅವರೇ ಹೇಳಿದರು: “ಅಕ್ಕ ಬಂದ್ಲಾ ಅಂತ ಕೇಳ್ತಾನೇ ಇದ್ರು. ಲೈನ್ ಸಿಗ್ತಿಲ್ಲ ಅಂದೆ. ‘ಬಿಡಿ, ಅವ್ಳು ಹುಟ್ಟಿದ್ದೊಂದೇ ನನಗಿಂತ ಮುಂಚೆ, ಮಿಕ್ಕಿದ್ದಕ್ಕೆಲ್ಲ ಲೇಟು’ ಅಂತ ನಕ್ರು.” ಅದೇ ಅವಳ ಕೊನೆಯ ಮಾತು.

ಮರುದಿನ ಊರಿಂದ ಬಂದ ಅವಳ ಮಗಳು ನನ್ನ ಕಂಪ್ಯೂಟರ್ ತಡಕಾಡಿದಳು. “ನಿಂದೇನೂ ತಪ್ಪಿಲ್ಲ ದೊಡ್ಡಮ್ಮ. ಆಸ್ಪತ್ರೆಯವ್ರು ಹೊಸ ಪ್ರೋಟೊಕಾಲ್ ಹಾಕಿದಾರೆ, ಅಂದ್ರೆ ಚಿತ್ರ, ಮಾತು ಕಳ್ಸೋ ಹೊಸ ವಿಧಾನ. ಆದ್ರೆ ಅವ್ರದ್ದೇ ಫೈರ್‌ವಾಲ್‌ಗೆ, ಆ ಕಾವಲು ಗೋಡೆಗೆ, ಅದು ಆಗಲ್ಲ. ಮೊದ್ಲು ಒಳಗೆ ಬಿಟ್ಕೊಂಡು ಆಮೇಲೆ ನಡುವೆ ಕೈಬಿಡುತ್ತೆ.” ಬ್ರೌಸರಿನಲ್ಲಿ ಹೊಸದನ್ನು ಆಫ್ ಮಾಡಿ ಹಳೆಯ ಪ್ರೋಟೊಕಾಲ್‌ನಲ್ಲೇ ಹೋಗುವಂತೆ ಮಾಡಿದಳು. ಕಿಟಕಿ ತಟ್ಟನೆ ತೆರೆಯಿತು. ಎಷ್ಟು ಸ್ಪಷ್ಟ ಚಿತ್ರ, ಮಾನ್ಯರೇ! ಸುರುಳಿ ಸುತ್ತಿಟ್ಟ ಹಾಸಿಗೆಯ ಹೊಲಿಗೆಯೂ ಕಾಣುತ್ತಿತ್ತು. ಹುಡುಗಿ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು, ಅಳು ನನಗೆ ಕೇಳದಿರಲೆಂದು.

ಹೊಸದು ಬೇಡವೆನ್ನುವ ಮುದುಕಿಯಲ್ಲ ನಾನು. ಬೇಗ ತಲುಪಿಸುತ್ತದಂತೆ, ತಲುಪಿಸಲಿ. ಆದರೆ ನಿಮ್ಮ ಗೋಡೆ ಅದನ್ನು ಬಿಡುತ್ತದೆಯೇ ಎಂದು ಹೊರಗಿನ ಒಂದು ಮನೆಯಿಂದ ಯಾರಾದರೂ ನೋಡಿದ್ದಿರಾ? ಅಥವಾ ಕಚೇರಿಯೊಳಗೆ ತೆರೆಯಿತಲ್ಲ, ಸಾಕು ಎಂದುಕೊಂಡಿರಾ?

ಆ ಗೋಡೆ ಸರಿಯಾಗುವವರೆಗೆ ಹೊಸದನ್ನು ನಿಲ್ಲಿಸಿ. ಆ ಬಿಳಿ ಪುಟದಲ್ಲಿ ‘ದೋಷ ನಮ್ಮದಿರಬಹುದು, ದಯವಿಟ್ಟು ಫೋನಿನ ಹತ್ತಿರವೇ ಇರಿ’ ಎಂದು ಬರೆಯಿಸಿ. ಇವತ್ತೂ ಯಾರೋ ತಲೆ ಬಾಚಿಕೊಂಡು ಅದರ ಮುಂದೆ ಕೂತಿರುತ್ತಾರೆ.

ಇಂತಿ,
ಆ ಒಂದು ದಿನ ಮಾತ್ರ ತಡಮಾಡದೆ ಬಂದು ಕೂತಿದ್ದ ಅಕ್ಕ