ಲಿಫ್ಟ್ ಕಾರ್ಡಿನ ವಿಚಾರ

ಕಾಂಡೋ ಅಪಾರ್ಟ್‌ಮೆಂಟಿನ ಅಧ್ಯಕ್ಷರಾದ ನರಹರಿಯವರಿಗೆ, ಹನ್ನೆರಡನೇ ಮಹಡಿಯ ವಾಸಂತಿಯ ನಮಸ್ಕಾರ.

ಮಲೇಷ್ಯಾದ ಈ ನಮ್ಮ ಪುಚೊಂಗ್ ಕಾಂಡೋದ ಹಾಲ್‌ನಲ್ಲಿ ಆ ಹಳೆಯ ಪೋಲಿಷ್ ಹಾಸ್ಯಚಿತ್ರ ತೋರಿಸಿ, ಪಾತ್ರಗಳ ಮಾತುಗಳನ್ನು ನಾನೇ ಕನ್ನಡದಲ್ಲಿ ಹೇಳುತ್ತಿದ್ದೆ. ಅದರಲ್ಲಿನ ಸರ್ಕಾರಿ ವಠಾರದ ಅಧ್ಯಕ್ಷನ ಬಾಯಲ್ಲಿ ನೀವು ಯಾವಾಗಲೂ ಹೇಳುವ "ರೂಲ್ಸ್ ಅಂದ್ರೆ ರೂಲ್ಸು ಕಣ್ರೀ" ಬಂದುಬಿಟ್ಟಿತು. ಎಲ್ಲರೂ ನಕ್ಕರು, ನೀವು ಎದ್ದು ಹೋದಿರಿ. ಮರುದಿನದಿಂದ ನನ್ನ ಲಿಫ್ಟ್ ಕಾರ್ಡ್ ಬಂದ್; ತಾಗಿಸಿದರೂ ಲಿಫ್ಟ್ ಕದಲುವುದಿಲ್ಲ.

ಖುದ್ದಾಗಿ ಕೆಳಗೆ ಬಂದು ಕ್ಷಮೆ ಕೇಳಿದರೆ ಚಾಲೂ ಮಾಡಿಸುತ್ತೀರಂತೆ. ಮೊಣಕಾಲಿನ ಆಪರೇಷನ್ ಆದವಳು ಲಿಫ್ಟ್ ಇಲ್ಲದೆ ಹೇಗೆ ಇಳಿಯಲಿ? ಗಾರ್ಡ್‌ಗೆ ಫೋನ್ ಮಾಡಿದರೆ, "ಚೇರ್ಮನ್ ಸೈನ್ ಇಲ್ದೆ ಕೆನಾಟ್ ಲಾ, ಆಗಲ್ಲ ಅಕ್ಕಾ" ಎನ್ನುತ್ತಾನೆ. ದಯವಿಟ್ಟು ಕಾರ್ಡ್ ಚಾಲೂ ಮಾಡುವ ಅನುಮತಿಗೆ ಸಹಿ ಮಾಡಿ, ಈ ಪತ್ರ ತಂದ ಪಕ್ಕದ ಮನೆಯ ವಿಸ್ಮಯಾಳ ಕೈಲೇ ಕಳಿಸಿ.

ಸಿನಿಮಾದ ಕೊನೆ ನೀವು ನೋಡಲಿಲ್ಲ. ಆ ಅಧ್ಯಕ್ಷನೇ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ. ಬಾಗಿಲು ತೆಗೆಯಲು ಅವನದೇ ಸಹಿ ಬೇಕು.

ಸದ್ಯ ಮೇಲೆಯೇ ಇರುವ,
ವಾಸಂತಿ