ಬಲೆ ಹೆಣೆಯುವ ಅಜ್ಜಿ ಕಾಲು ಮಡಚಿದ್ದು

ಕೋಲ್ಕತ್ತಾ
21 ಜನವರಿ 2025

ಪ್ರೀತಿಯ ನಿಶ್ಮಿತಕ್ಕನಿಗೆ,

ಸುಗಂಧಿಯ ನಮಸ್ಕಾರ. ಮೊದಲಿಗೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ನೋಡಿ ನಗಬೇಡ. ಬರೆಯುವ ರೂಢಿ ತಪ್ಪಿದೆ. ಗೆರೆ ಇಲ್ಲದ ಹಾಳೆ ಬೇರೆ, ಸಾಲುಗಳೆಲ್ಲ ಗುಡ್ಡ ಹತ್ತುತ್ತಿವೆ. ಒತ್ತಕ್ಷರ ಎಲ್ಲಿ ತಪ್ಪಿದೆಯೋ ನೀನೇ ತಿದ್ದಿಕೊಂಡು ಓದು. ಚಿಕ್ಕಂದಿನಲ್ಲಿ ನನ್ನ ಸ್ಲೇಟು ತಿದ್ದುತ್ತಿದ್ದವಳೂ ನೀನೇ ಅಲ್ಲವಾ? ದೀಪಾವಳಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ‘ಹೂಂ, ಊಟ ಆಯ್ತು’ ಎನ್ನುವುದರ ಆಚೆ ನನಗೆ ಮಾತೇ ಹೊರಡುವುದಿಲ್ಲ.

ನಾವೆಲ್ಲ ಆರಾಮ. ಚಿಕ್ಕಪ್ಪನಿಗೆ ಬ್ಯಾಂಕಿನಲ್ಲಿ ಕೆಲಸ ಜಾಸ್ತಿ. ಮನೋರಮಾ ಚಿಕ್ಕಮ್ಮ ಸಂಕ್ರಾಂತಿಗೆ ಇಲ್ಲಿಯ ಖರ್ಜೂರದ ಬೆಲ್ಲ ಹಾಕಿ ಪಾಯಸ ಮಾಡಿದ್ದರು, ನಿನ್ನನ್ನು ನೆನೆಸಿಕೊಂಡೆವು. ನಾನು ಬಂದು ಎರಡು ವರ್ಷವಾಗುತ್ತಾ ಬಂತು. ಕಿಟಕಿ ಪಕ್ಕ ಹೊಲಿಗೆ ಮಿಷನ್ ಹಾಕಿಕೊಟ್ಟಿದ್ದಾರೆ. ಈ ಕಟ್ಟಡದ ಹೆಂಗಸರೆಲ್ಲ ಸೀರೆಗೆ ಫಾಲ್, ಪಿಕೋ ಮಾಡಿಸಲು ನನ್ನ ಹತ್ತಿರವೇ ಬರುತ್ತಾರೆ.

ಈಗ ದೊಡ್ಡ ಸುದ್ದಿ. ಇಲ್ಲಿಯ ಸಾಲ್ಟ್ ಲೇಕ್ ಬಡಾವಣೆಯಲ್ಲಿ ಒಂದು ಸ್ಪರ್ಧೆ ಆಯಿತು ಅಕ್ಕಾ, ಅದರಲ್ಲಿ ನಾನಿದ್ದೆ! ಅಡುಗೆಯದ್ದೂ ಅಲ್ಲ, ರಂಗೋಲಿಯದ್ದೂ ಅಲ್ಲ. ವಿಡಿಯೊ ಗೇಮಿನ ಸ್ಪರ್ಧೆ.

ಚಿಕ್ಕಮ್ಮನ ಮಗಳು ಕ್ಷಮಾ ಈಗ ಕಾಲೇಜಿನಲ್ಲಿ ಎರಡನೇ ವರ್ಷ. ಅವಳಿಗೊಂದು ಆಟದ ಹುಚ್ಚು. ಲಾಟೀನು ಹಿಡಿದ ಹುಡುಗಿಯೊಬ್ಬಳು ಕಳೆದುಹೋದ ತಮ್ಮನನ್ನು ಹುಡುಕುತ್ತಾ ಏಳು ದ್ವೀಪ ಸುತ್ತುತ್ತಾಳೆ. ಅದರ ಇಂಗ್ಲಿಷ್ ಹೆಸರು ನನ್ನ ಬಾಯಲ್ಲಿ ಹೊರಳುವುದಿಲ್ಲ, ನಾನು ಲಾಟೀನಿನ ಆಟ ಎನ್ನುತ್ತೇನೆ. ಮಧ್ಯಾಹ್ನ ಕ್ಷಮಾ ಕಾಲೇಜಿಗೆ ಹೋದಾಗ, ಕೆಲಸ ಮುಗಿದಿದ್ದರೆ, ನಾನೂ ಟಿವಿ ಹಾಕಿಕೊಂಡು ಆಡುತ್ತಿದ್ದೆ. ಅವಳೇ ಹೇಳಿಕೊಟ್ಟಿದ್ದಳು. ನಾಲ್ಕು ತಿಂಗಳು ಆಡಿದೆ. ಒಂದು ದಿನ ಅವಳು ಬೇಗ ಬಂದು ಹಿಂದೆ ನಿಂತು ನೋಡಿದಳು.

“ಅರೆ ದಿದಿ, ನೀನು ಓಡೋದೇ ಇಲ್ವಾ?”

“ಎಲ್ಲಿಗೆ ಓಡುವುದು?” ಎಂದೆ.

“ಈ ಬಟನ್ ಒತ್ತಿದ್ರೆ ಹುಡುಗಿ ಓಡ್ತಾಳೆ! ಮೊದಲನೇ ದ್ವೀಪದಲ್ಲೇ ಬರೆದು ತೋರಿಸ್ತಾರಲ್ಲಾ?”

ಬರೆದು ತೋರಿಸಿದ್ದು ಇಂಗ್ಲಿಷಿನಲ್ಲಿ. ನನಗೇನು ಗೊತ್ತು? ಏಳು ದ್ವೀಪವನ್ನೂ ನಾನು ನಡೆದೇ ಮುಗಿಸಿದ್ದೆ. ಕ್ಷಮಾ ಸೋಫಾದ ಮೇಲೆ ಬಿದ್ದು ನಕ್ಕಳು. ಅವಳ ಸ್ನೇಹಿತರೆಲ್ಲ ಅವತ್ತಿನಿಂದ ನನ್ನನ್ನು ‘ಹೇಂಟೆ ದಿದಿ’ ಎನ್ನತೊಡಗಿದರು. ನಡೆದುಕೊಂಡೇ ಹೋಗುವ ಅಕ್ಕ ಎಂದು ಅರ್ಥ. ಚಿಕ್ಕಪ್ಪ ಮಾತ್ರ, “ನಗಬೇಡಿ, ನಮ್ಮ ಬ್ಯಾಂಕಿನಲ್ಲಿ ಹೀಗೆ ನಡೆಯುವವರಿಗೇ ಪ್ರಮೋಶನ್” ಎಂದರು.

ಈ ಆಟದ ಹುಚ್ಚಿರುವವರೆಲ್ಲ ವರ್ಷಕ್ಕೊಮ್ಮೆ ಸೇರಿ ಒಬ್ಬರಿಗೊಬ್ಬರು ಪ್ರಶ್ನೆ ಹಾಕಿ ಸೋಲಿಸುತ್ತಾರಂತೆ. ಯಾವ ಬಾಗಿಲಿಗೆ ಯಾವ ಬೀಗ, ಯಾವ ದ್ವೀಪದಲ್ಲಿ ಎಷ್ಟು ದೋಣಿ, ಹೀಗೆ. ಒಂದು ತಂಡದಲ್ಲಿ ಇಬ್ಬರು ಇರಲೇಬೇಕು. ಕ್ಷಮಾ ವರ್ಷವಿಡೀ ತಯಾರಿ ಮಾಡಿದ್ದಳು. ಹಿಂದಿನ ದಿನ ಅವಳ ಜೊತೆಗಾರ ಋಷಿಕೇಶನಿಗೆ ಜ್ವರ ಬಂತು.

“ದಿದಿ, ನೀನು ಬಾ. ಸುಮ್ಮನೆ ಪಕ್ಕದಲ್ಲಿ ಕೂತ್ಕೊ, ಪ್ಲೀಸ್.”

ಆಟದ ಪ್ರಶ್ನೆಗಳಿಗೆ ನಾನು ಹೆದರಲಿಲ್ಲ. ಯಾರಾದರೂ ‘ಎಷ್ಟು ಓದಿದ್ದೀರಿ’ ಎಂದು ಕೇಳಿದರೆ? ಆ ಒಂದು ಮಾತಿಗೆ ಹೆದರಿಕೆ. ಮದುವೆ, ಪೂಜೆಯ ಊಟವಾದರೆ ಬಡಿಸುವ ಪಾತ್ರೆ ಹಿಡಿದು ಇನ್ನೊಂದು ಸಾಲಿಗೆ ಹೋಗಿಬಿಡುತ್ತೇನೆ. ಅಲ್ಲಿ ಕುರ್ಚಿ ಬಿಟ್ಟು ಎಲ್ಲಿಗೆ ಹೋಗುವುದು? ಚಿಕ್ಕಮ್ಮ, “ಎಂಥ ಮಾರಾಯ್ತಿ, ನಿನ್ನನ್ನು ಯಾರು ತಿನ್ನುತ್ತಾರೆ? ಹೋಗಿ ಬಾ” ಎಂದು ತಮ್ಮ ಶಾಲು ಹೊದೆಸಿ ಕಳಿಸಿದರು.

ಸಂಕ್ರಾಂತಿಗೆ ಮೊದಲಿನ ಭಾನುವಾರ ಸಿಯಾಲ್ದಾದಿಂದ ಮೆಟ್ರೊ ಹಿಡಿದು ಹೋದೆವು. ಒಂದು ಕ್ಲಬ್ಬಿನ ಹಾಲ್, ಹನ್ನೆರಡು ತಂಡ. ಪ್ರಶ್ನೆ ಕೇಳುವವರು ಕನ್ನಡಕದ ಒಬ್ಬ ದಾದಾ, ಇಲ್ಲಿ ಅಣ್ಣನಿಗೆ ಹಾಗೆನ್ನುತ್ತಾರೆ. ಅವರು ಇಂಗ್ಲಿಷಿನಲ್ಲಿ ಕೇಳುವುದು, ಕ್ಷಮಾ ನನ್ನ ಕಿವಿಯಲ್ಲಿ ಅರೆಬರೆ ಕನ್ನಡದಲ್ಲಿ ಹೇಳುವುದು, ಉತ್ತರ ಬರೆಯುವುದು. ಕೆಲವು ನನಗೂ ಹೊಳೆದವು. ಕೊನೆಯ ಪ್ರಶ್ನೆ ಬಂತು: ನಾಲ್ಕನೇ ದ್ವೀಪದಲ್ಲಿ ದೋಣಿ ನಿಲ್ಲುವ ದಕ್ಕೆಯಲ್ಲಿ ಬಲೆ ಹೆಣೆಯುವ ಅಜ್ಜಿ ಕೂತಿದ್ದಾಳಲ್ಲ, ಹುಡುಗಿ ಹತ್ತಿರ ಬಂದಾಗ ಅವಳು ಏನು ಮಾಡುತ್ತಾಳೆ?

“ಏನೂ ಮಾಡಲ್ಲ. ತಲೆ ಕೂಡ ಎತ್ತಲ್ಲ” ಎಂದು ಕ್ಷಮಾ ಪೆನ್ನು ತೆಗೆದಳು.

“ಇಲ್ಲ,” ಎಂದೆ, “ಕಾಲು ಮಡಚುತ್ತಾಳೆ.”

“ಏನು?”

“ಕಾಲು ಚಾಚಿ ಕೂತಿರುತ್ತಾಳೆ. ಹುಡುಗಿ ಬಂದರೆ ಮಡಚಿ ದಾರಿ ಬಿಡುತ್ತಾಳೆ. ದಾಟಿದ ಮೇಲೆ ಮತ್ತೆ ಚಾಚುತ್ತಾಳೆ.”

ಕ್ಷಮಾ ನನ್ನ ಮುಖವನ್ನೇ ನೋಡಿದಳು. ಆಮೇಲೆ ನಾನು ಹೇಳಿದ್ದನ್ನೇ ಬರೆದಳು. ನೋಡು ಅಕ್ಕಾ, ವರ್ಷವಿಡೀ ಓದಿದವಳು ನನ್ನ ಮಾತು ನಂಬಿದಳು.

ಹನ್ನೊಂದು ತಂಡ ‘ಏನೂ ಇಲ್ಲ’ ಎಂದು ಬರೆದಿತ್ತು. ದಾದಾನ ಹಾಳೆಯಲ್ಲೂ ಅದೇ ಇತ್ತು. ನಮ್ಮದನ್ನು ಓದಿದಾಗ ಎಲ್ಲರೂ ನಕ್ಕರು. ಕ್ಷಮಾ ಎದ್ದು ನಿಂತು ಜಗಳಕ್ಕೇ ಬಿದ್ದಳು, “ದೊಡ್ಡ ಪರದೆ ಇದೆ, ಆಟ ಇದೆ, ಹಾಕಿ ನೋಡಿ!” ದಾದಾ ತಾವೇ ಆಡಿ ತೋರಿಸಿದರು. ಹುಡುಗಿ ಅಜ್ಜಿಯ ಪಕ್ಕದಲ್ಲೇ ಓಡಿಹೋದಳು. ಅಜ್ಜಿ ಅಲುಗಲಿಲ್ಲ. ಮತ್ತೊಮ್ಮೆ ಆಡಿದರು. ಇಲ್ಲ.

ಆಗ ನನಗೆ ಅರ್ಥವಾಯಿತು. ಎಲ್ಲರೂ ಓಡುತ್ತಾರೆ. ಎದ್ದು ಹೋದೆ. ಹೇಗೆ ಎದ್ದೆನೋ ಗೊತ್ತಿಲ್ಲ. ದಾದಾನ ಮುಂದೆ ಕೈಚಾಚಿದೆ, ರಿಮೋಟಿನಂಥದ್ದು ಕೊಟ್ಟರು. ದಕ್ಕೆಯ ಆ ತುದಿಯಿಂದ ನಡೆಸಿಕೊಂಡು ಬಂದೆ. ಅಷ್ಟು ದೊಡ್ಡ ಪರದೆಯಲ್ಲಿ ಆ ದಕ್ಕೆ ಎಷ್ಟು ಉದ್ದವಿದೆಯೆಂದು ನನಗೇ ಗೊತ್ತಿರಲಿಲ್ಲ. ಹಿಂದೆ ಕ್ಷಮಾಳ ಸ್ನೇಹಿತನೊಬ್ಬ “ಹೇಂಟೆ ದಿದಿ, ನಾಳೆ ತಲುಪುತ್ತೀರಾ?” ಎಂದ. ಹುಡುಗಿ ಅಜ್ಜಿಯ ಹತ್ತಿರ ಬಂದಳು. ಅಜ್ಜಿ ತಲೆ ಎತ್ತಲಿಲ್ಲ, ಬಲೆಯಿಂದ ಕೈ ತೆಗೆಯಲಿಲ್ಲ, ಮೆಲ್ಲಗೆ ಕಾಲು ಮಡಚಿದಳು.

ಆ ಹಾಲಿನಲ್ಲಿ ಎದ್ದ ಗದ್ದಲ! ಐದಾರು ವರ್ಷದಿಂದ ಆಡಿದವರು ನೋಡದಿದ್ದುದನ್ನು ಕಂಡು ಒಬ್ಬ ಹುಡುಗಿ ಕಣ್ಣೊರೆಸಿಕೊಂಡಳು. ದಾದಾ ತಮ್ಮ ಹಾಳೆಯ ಉತ್ತರ ಹೊಡೆದುಹಾಕಿ, ಮೈಕನ್ನು ನನ್ನ ಮುಂದೆ ಹಿಡಿದು ಹಿಂದಿಯಲ್ಲಿ ಕೇಳಿದರು, “ದಿದಿ, ಇದು ನಿಮಗೆ ಹೇಗೆ ಗೊತ್ತಾಯಿತು? ಎಲ್ಲಿ ಓದುತ್ತಿದ್ದೀರಿ?”

ಬಂದೇಬಿಟ್ಟಿತು ಆ ಪ್ರಶ್ನೆ. ಕೈಯಲ್ಲಿ ಬಡಿಸುವ ಪಾತ್ರೆ ಇರಲಿಲ್ಲ.

“ಐದನೇ ಕ್ಲಾಸಿನವರೆಗೆ ಓದಿದ್ದೇನೆ,” ಎಂದೆ ನನ್ನ ಮುರುಕು ಹಿಂದಿಯಲ್ಲಿ. “ಓಡುವ ಬಟನ್ ಬಗ್ಗೆ ಬರೆದದ್ದು ಓದಲು ಬರಲಿಲ್ಲ. ಅದಕ್ಕೇ ನಡೆದೆ.”

ಹಾಲಿನ ತುಂಬ ಚಪ್ಪಾಳೆ. ನಾನು ಶಾಲಿನಲ್ಲಿ ಮುಖ ಮುಚ್ಚಿಕೊಂಡೆ. ಗೆದ್ದೆವು ಎಂದುಕೊಳ್ಳಬೇಡ, ಮೂರನೇ ಸ್ಥಾನ ಬಂತು. ಪುಟ್ಟ ಹಿತ್ತಾಳೆ ಲಾಟೀನಿನ ಕೀ ಚೈನ್ ಕೊಟ್ಟರು, ಅದನ್ನು ಕ್ಷಮಾ ನನಗೇ ಕೊಟ್ಟಳು.

ಮೆಟ್ರೊದಲ್ಲಿ ಅವಳು, “ಇಷ್ಟೆಲ್ಲ ನಿನಗೆ ಹೇಗೆ ನೆನಪಿರುತ್ತೆ ದಿದಿ?” ಎಂದು ಕೇಳಿದಳು. ಅದು ನಿಶ್ಮಿತಕ್ಕ ಕೊಟ್ಟದ್ದು ಎಂದೆ. ಅಮ್ಮ ಹಾಸಿಗೆ ಹಿಡಿದಾಗ ಇಬ್ಬರಲ್ಲಿ ಒಬ್ಬಳು ಮನೆಯಲ್ಲಿ ನಿಲ್ಲಬೇಕಾಯಿತು, ನಾನು ನಿಂತೆ. ಆದರೆ ನೀನು ಸಂಜೆ ಶಾಲೆಯಿಂದ ಬಂದು ಅಮ್ಮನ ಬಟ್ಟೆ ಒಗೆಯುತ್ತಿದ್ದ ನನ್ನ ಎದುರು ಕಲ್ಲಿನ ಮೇಲೆ ಕೂತು ಅವತ್ತಿನ ಪಾಠವನ್ನೆಲ್ಲ ಹೇಳುತ್ತಿದ್ದೆ. ಪರೀಕ್ಷೆಯ ಹಿಂದಿನ ದಿನ ನೀನು ಮರೆತ ಸಾಲನ್ನು ನಾನು ಎತ್ತಿಕೊಡುತ್ತಿದ್ದೆ. ನೋಡಿದ್ದು, ಕೇಳಿದ್ದು ಬಿಡದೆ ಹಿಡಿದಿಟ್ಟುಕೊಳ್ಳುವುದನ್ನು ಕಲಿತದ್ದು ಆ ಕಲ್ಲಿನ ಹತ್ತಿರ. ನಿನ್ನ ಉಪಕಾರ ದೊಡ್ಡದು ಅಕ್ಕಾ. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ.

ಭಾವನಿಗೆ, ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮನೆಯಲ್ಲಿ ನಗು ಕಡಿಮೆಯಾಗದಿರಲಿ, ನೀನು ಹಿಡಿದ ಕೆಲಸವೆಲ್ಲ ಕೈಗೂಡಲಿ ಎಂದು ದಿನವೂ ದೇವರಲ್ಲಿ ಕೇಳಿಕೊಳ್ಳುತ್ತೇನೆ.

ನಿನ್ನ ತಂಗಿ,
ಸುಗಂಧಿ

ಮರೆತಿದ್ದು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಿನ್ನ ಮದುವೆಯ ದಿನ ಅತ್ತೆಯವರು ನನ್ನನ್ನು ತೋರಿಸಿ ಎಷ್ಟು ಓದಿದ್ದಾಳೆಂದು ಕೇಳಿದಾಗ ನೀನು “ಪಿಯುಸಿ ಮುಗಿಸಿದ್ದಾಳೆ” ಎಂದೆ. ಆಮೇಲೆ ಒಳಗೆ ಬಂದು, “ಯಾರಾದರೂ ಕೇಳಿದರೆ ಜಾಸ್ತಿ ಮಾತಾಡಬೇಡ” ಎಂದೆ. ಅದಕ್ಕೇ ನಾನು ಇಡೀ ದಿನ ಸಾರಿನ ಪಾತ್ರೆ ಕೈಯಿಂದ ಇಳಿಸಲಿಲ್ಲ. ಅದಕ್ಕೇ ಚಿಕ್ಕಮ್ಮ ಬಾ ಎಂದ ಕೂಡಲೇ ಇಲ್ಲಿಗೆ ಬಂದೆ. ನೀನು ಕೆಟ್ಟದ್ದಕ್ಕೆ ಹೇಳಲಿಲ್ಲ, ಗೊತ್ತು. ಆದರೆ ಅಮ್ಮನ ಹತ್ತಿರ ನಿಂತ ಆ ವರ್ಷಗಳು ಮುಚ್ಚಿಡುವಂಥದ್ದು ಅಂತ ನನಗೆ ಅವತ್ತೇ ಮೊದಲ ಸಲ ಅನಿಸಿತು ಅಕ್ಕಾ.

ನಾನು ಮೈಕಿನಲ್ಲಿ ಹೇಳಿದ್ದರ ವಿಡಿಯೊವನ್ನು ಕ್ಷಮಾ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾಳೆ. ಅತ್ತೆಯವರೂ ಅದರಲ್ಲಿದ್ದಾರೆ. ಮುಂಬಯಿಯಲ್ಲಿದ್ದವರು, ಅವರಿಗೆ ಹಿಂದಿ ಬರುತ್ತದೆ. ಅವತ್ತಿನಿಂದ ನೀನು ಫೋನ್ ಮಾಡಿಲ್ಲ. ಇವತ್ತು ಬೆಳಿಗ್ಗೆ ಕ್ಷಮಾ, “ತೆಗೆದುಬಿಡಲಾ ದಿದಿ?” ಎಂದು ಕೇಳಿದಳು. ಇರಲಿ ಎಂದೆ. ಆಮೇಲೆ ನಿನಗೆಂದು ತಂದಿಟ್ಟಿದ್ದ ನೀಲಿ ಹತ್ತಿ ಸೀರೆಗೆ ಕೈಯಲ್ಲೇ ಫಾಲ್ ಹೊಲಿದು, ಇಸ್ತ್ರಿ ಮಾಡಿ, ಈ ಕಾಗದದ ಜೊತೆ ಕಳಿಸಲು ಪೇಪರಿನಲ್ಲಿ ಸುತ್ತಿಟ್ಟೆ.